ಇಲ್ಲದ ಮನೆಯನ್ನು ಬಳಸಿ ಹೋಗುವ ದಾರಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೆಪ್ಪುಗಟ್ಟಿದ ಲೂತ್ರ ನದಿಯ ಮೇಲೆ ಗಿಲೇನ್ ವೆಯೆತ್ ಮಂಡಿಯೂರಿದ್ದಾರೆ. ಪ್ರಾರ್ಥನೆಗಲ್ಲ. ಬೈರಿಗೆಯಿಂದ ಕೊರೆದ ತೂತಿನೊಳಗೆ ಅಳತೆಕೋಲು ಇಳಿಸಿ ಮಂಜುಗಡ್ಡೆಯ ದಪ್ಪ ನೋಡುತ್ತಿದ್ದಾರೆ. ಹದಿನಾರು ಅಂಗುಲ. "ಕಾರಿಗೆ ಸಾಕು, ಪಾದ್ರಿಗೂ ಸಾಕು," ಎನ್ನುತ್ತಾರೆ. ಊರಿನ ಪಾದ್ರಿ ಸ್ವಲ್ಪ ದಪ್ಪ. ಆಮೇಲೆ ಜಾರುಗಾಡಿಯಿಂದ ಎದೆಯೆತ್ತರದ ಒಂದು ಸ್ಪ್ರೂಸ್ ಗಿಡ ಎಳೆದು, ಬುಡವನ್ನು ತೂತಿಗಿಟ್ಟು, ಉಕ್ಕಿದ ನೀರಿಗೆ ಹಿಮ ಕಲಸಿ ಸುತ್ತ ಮೆತ್ತುತ್ತಾರೆ. ಕೈಗವಸು ಕೊಡವಿಕೊಳ್ಳುವಷ್ಟರಲ್ಲಿ ಅದು ಕಲ್ಲಾಗಿರುತ್ತದೆ. ಗಿಡವನ್ನು ಹಿಡಿದು ಒಮ್ಮೆ ಜಗ್ಗುತ್ತಾರೆ. ಅಲುಗುವುದಿಲ್ಲ. ಸರಿ, ಮುಂದಿನದು.

ಸಾಂತ್-ಓದಿಲ್ ಊರಿನವರು ಇವರನ್ನು 'ದಾರಿ ನೆಡುವವಳು' ಎನ್ನುತ್ತಾರೆ. ಸೇತುವೆಯಿಲ್ಲದ ಈ ನದಿಯಲ್ಲಿ ಬೇಸಿಗೆಗೆ ದೋಣಿ, ಚಳಿಗಾಲಕ್ಕೆ ಮಂಜುಗಡ್ಡೆ. ಗಾಳಿ ಎದ್ದು ಹಿಮ ಹಾರಿದರೆ ಆಕಾಶ ಯಾವುದು, ನದಿ ಯಾವುದು ತಿಳಿಯುವುದಿಲ್ಲ. ಆಗ ಎರಡು ಸಾಲು ಹಸಿರು ಗಿಡಗಳೇ ಆಚೆ ದಡದ ಸಾಂ-ಫಿರ್ಮಾಂಗೆ ಕೈಹಿಡಿದು ಕರೆದೊಯ್ಯಬೇಕು. ಗಿಡಗಳು ಎಲ್ಲಿಂದಲೋ ಬಂದವಲ್ಲ. ಹಬ್ಬ ಮುಗಿದ ಮೇಲೆ ಎರಡೂ ಊರಿನವರು ತಮ್ಮ ಕ್ರಿಸ್ಮಸ್ ಮರಗಳನ್ನು ದಡಕ್ಕೆ ತಂದು ರಾಶಿ ಹಾಕುತ್ತಾರೆ. ಕೆಲವದರಲ್ಲಿ ಇನ್ನೂ ಬೆಳ್ಳಿಯ ಜರಿ ಸಿಕ್ಕಿಕೊಂಡಿರುತ್ತದೆ. ಬಿಸಿಲು ಬಿದ್ದಾಗ ನದಿಯ ನಡುವೆ ಯಾರದೋ ನಡುಮನೆಯ ಚೂರೊಂದು ಫಳಕ್ಕೆನ್ನುತ್ತದೆ.

"ಇದು ಅಂಚೆಯವನ ಮನೇದು," ಎಂದು ಗಿಲೇನ್ ಒಂದನ್ನು ತೋರಿಸುತ್ತಾರೆ. "ಬುಡ ನೋಡಿ, ಎಂಥ ಸೊಟ್ಟ! ಇಪ್ಪತ್ತು ವರ್ಷದಿಂದ ಆ ಮನುಷ್ಯನಿಗೆ ಒಂದು ಮರ ನೆಟ್ಟಗೆ ಕಡಿಯೋಕೆ ಬಂದಿಲ್ಲ."

ಅವರ ಹಿಮಬಂಡಿ ಹಳೆಯದು. ಹಿಂದೆ ಪಟ್ಟಾ, ಮುಂದೆ ಎರಡು ಸ್ಕೀ. ಎಡಗಡೆಯದು ಮುರಿದಾಗ ಗುಜರಿಯಿಂದ ಇನ್ಯಾವುದೋ ಬಂಡಿಯ ಸ್ಕೀ ತಂದು ಹಾಕಿದ್ದಾರೆ. ಅದು ಎರಡು ಬೆರಳು ಅಗಲ ಹೆಚ್ಚು. ಹಾಗಾಗಿ ಗಿಲೇನ್ ಹೋದಲ್ಲೆಲ್ಲ ಹಿಮದ ಮೇಲೆ ಒಂದು ದಪ್ಪ ಗೆರೆ, ಒಂದು ಸಣ್ಣ ಗೆರೆ ಬೀಳುತ್ತವೆ. ಈ ಗೆರೆಯನ್ನು ಎರಡೂ ದಡದ ನಾಯಿಗಳೂ ಬಲ್ಲವು.

ನದಿಯ ನಡುಮಧ್ಯಕ್ಕೆ ಬಂದಾಗ ಅವರು ಬಂಡಿ ನಿಲ್ಲಿಸುತ್ತಾರೆ. ಹೋದ ವರ್ಷದ ತನಕ ದಾರಿ ಇಲ್ಲಿ ಪಕ್ಕಕ್ಕೆ ಬಾಗಿ, ಅರವತ್ತು ಹೆಜ್ಜೆಯಷ್ಟು ದೂರ ಸರಿದು, ಮತ್ತೆ ಒಳಕ್ಕೆ ತಿರುಗಿ ನೇರವಾಗುತ್ತಿತ್ತು. ಇದಕ್ಕೆ 'ಮೊಣಕೈ' ಎಂದು ಹೆಸರು. ಈ ವರ್ಷ ಮೊಣಕೈ ಇಲ್ಲ. ಮೇಲಿನವರ ಅಪ್ಪಣೆಯಾಗಿದೆ. ಗಿಲೇನ್ ಹಲ್ಲು ಕಚ್ಚಿ ಗಿಡಗಳನ್ನು ನೇರವಾಗಿ ನೆಡುತ್ತಾ ಹೋಗುತ್ತಾರೆ.

ಮೊಣಕೈಯ ಒಳಗೆ ಏನಿದೆ ಎಂದು ಕೇಳಿದರೆ, ಏನೂ ಇಲ್ಲ. ಬಂಡೆಯಿಲ್ಲ, ಸುಳಿಯಿಲ್ಲ, ಮಂಜುಗಡ್ಡೆ ತೆಳುವಾಗಿಯೂ ಇಲ್ಲ. "ಆ ಬಾಗು ಯಾವ ಕೆಲಸಕ್ಕೂ ಬರಲ್ಲ. ಪೆಟ್ರೋಲ್ ದಂಡ," ಎಂದು ಗಿಲೇನ್ ನೇರವಾಗಿ ಹೇಳುತ್ತಾರೆ. ಅಲ್ಲಿ ಇರುವುದು ಒಂದು ಕೌಂಟಿಯ ಚರಿತ್ರೆ ಮಾತ್ರ.

ಕ್ಯುಬೆಕ್ ಪ್ರಾಂತ್ಯದ ಇಂದಿನ ಭೂಪಟದಲ್ಲಿ ವೋಕ್ಲೇರ್ ಕೌಂಟಿ, ಅಂದರೆ ನಮ್ಮ ತಾಲ್ಲೂಕಿನಂಥದ್ದು, ಸಿಗುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅದನ್ನು ರದ್ದು ಮಾಡಿ, ನೆರೆಯ ಎರಡು ಕೌಂಟಿಗಳ ಜೊತೆ ಸೇರಿಸಿ, ಉದ್ದ ಹೆಸರಿನ ಒಂದು ಪ್ರಾದೇಶಿಕ ಮಂಡಳಿ ಮಾಡಿದರು. ಆ ಹೆಸರು ಇಲ್ಲಿ ಯಾರ ಬಾಯಿಗೂ ಹತ್ತಿಲ್ಲ. ಹುಟ್ಟಿದ ಸ್ಥಳ ಕೇಳಿದರೆ ಮೂವತ್ತು ವರ್ಷದವರೂ 'ವೋಕ್ಲೇರ್' ಎನ್ನುತ್ತಾರೆ. ಅವರು ಹುಟ್ಟುವ ಮೊದಲೇ ಅದು ಸತ್ತಿತ್ತು.

ಕೌಂಟಿ ಹುಟ್ಟಿದ್ದು ನೂರೈವತ್ತು ವರ್ಷಕ್ಕೂ ಹಿಂದೆ. ಹುಟ್ಟಿದ ದಿನದಿಂದಲೇ ಜಗಳ. ಎರಡು ದಡ, ಎರಡು ಚರ್ಚು, ಕೌಂಟಿಯ ಕೇಂದ್ರ ಮಾತ್ರ ಒಂದೇ. ಅದು ಸಾಂ-ಫಿರ್ಮಾಂ ಪಾಲಾಯಿತು. ಅಳತೆಗೆ ಬಂದ ಸರ್ವೇಯರನಿಗೆ ಫಿರ್ಮಾಂ ಕಡೆಯವರು ಹಂದಿಕಾಲಿನ ಸಾರು ಉಣ್ಣಿಸಿದರು, ಓದಿಲ್ ಕಡೆಯವರು ಬರಿಯ ಉಪದೇಶ ಉಣ್ಣಿಸಿದರು ಎಂಬುದು ಎರಡೂ ದಡದವರು ಒಪ್ಪುವ ಕಾರಣ. ಫಿರ್ಮಾಂ ದಡದಲ್ಲಿ ಎರಡು ಕೋಣೆಯ ಒಂದು ಮರದ ಮನೆ ಎದ್ದಿತು. ಒಂದರಲ್ಲಿ ಸಭೆ, ಇನ್ನೊಂದರಲ್ಲಿ ಜಮೀನಿನ ಕಾಗದಪತ್ರ.

ಓದಿಲ್ ಕಡೆಯವರು ಎರಡು ವರ್ಷ ಹೊಟ್ಟೆ ಉರಿಸಿಕೊಂಡರು. ಮೂರನೆಯ ವರ್ಷ, ಜನವರಿಯ ಮೂರು ರಾಜರ ಹಬ್ಬದ ದಿನ, ಫಿರ್ಮಾಂ ಊರಿಗೆ ಊರೇ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಹಾಡಹಗಲಲ್ಲಿ ಕುದುರೆಗಳ ಜೊತೆ ನದಿ ದಾಟಿದರು. ಮನೆಯನ್ನು ಮೀಟಿ ಎತ್ತಿ, ಅಡಿಗೆ ದಿಮ್ಮಿ ಕೊಟ್ಟು, ಹಗ್ಗ ಬಿಗಿದು ಎಳೆದುಕೊಂಡು ಹೊರಟರು. ಒಳಗೆ ಕೌಂಟಿಯ ಕಾರ್ಯದರ್ಶಿ ಒನೆಸಿಮ್ ಒಲೆಯ ಪಕ್ಕ ಉಂಡು ಮಲಗಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಚರ್ಚು ಹಿಂದೆ ಹಿಂದೆ ಹೋಗುತ್ತಿತ್ತಂತೆ.

ನದಿಯ ನಡುವೆ ಕುದುರೆಗಳು ಸೋತವು. ಅಷ್ಟರಲ್ಲಿ ಫಿರ್ಮಾಂ ಗಂಡಸರು ಬಾಯಿ ಒರೆಸಿಕೊಂಡು, ಕವೆಗೋಲು ಹಿಡಿದು ಓಡಿಬಂದರು. ಇವರು ಈಚೆ, ಅವರು ಆಚೆ ಹಗ್ಗ ಹಿಡಿದು ಜಗ್ಗತೊಡಗಿದರು. ಬೈಗುಳದಲ್ಲಿ ಚರ್ಚಿನ ಪೂಜಾಸಾಮಾನು ಒಂದೂ ಉಳಿಯಲಿಲ್ಲ. ಇಲ್ಲಿಯ ಜನ ಕೋಪ ಬಂದರೆ ಇಂದಿಗೂ ಬಟ್ಟಲು, ಪೆಟ್ಟಿಗೆ, ದೀಪಗಳ ಹೆಸರು ಹಿಡಿದೇ ಬೈಯುವುದು. ಕೊನೆಗೆ ಒನೆಸಿಮ್ ಬಾಗಿಲು ತೆರೆದು ಬಂದು, ಚಳಿಗೆ ನಡುಗುತ್ತಾ, ಸಭೆಯ ಗಂಟೆ ಬಾರಿಸಿದ. "ಕೌಂಟಿಯ ಸಭೆ ಶುರುವಾಗಿದೆ. ಮಾತಾಡಿದವರಿಗೆ ದಂಡ!" ಎಂದ.

ನಿಯಮ ನಿಯಮವೇ. ಎಲ್ಲರೂ ಟೋಪಿ ತೆಗೆದು ಸುಮ್ಮನಾದರು.

ಆ ಚಳಿಗಾಲ ಪೂರ್ತಿ ವೋಕ್ಲೇರ್ ಕೌಂಟಿಯ ಆಡಳಿತ ನಡೆದದ್ದು ನದಿಯ ಮೇಲೆ. ದಾರಿ ಆ ಮನೆಯನ್ನು ಬಳಸಿಕೊಂಡು ಹೋಯಿತು. ವಸಂತಕ್ಕೆ ಮಂಜು ಬಿರಿಯುವ ಸದ್ದು ಕೇಳಿದಾಗ ಮನೆಯನ್ನು ಗರಗಸದಿಂದ ಎರಡಾಗಿ ಕೊಯ್ದು, ಒಂದು ಕೋಣೆ ಇವರು, ಒಂದು ಕೋಣೆ ಅವರು ಎಳೆದುಕೊಂಡು ಹೋದರು. ಅಲ್ಲಿಂದ ಮುಂದೆ ಸಭೆ ಒಂದು ವರ್ಷ ಈ ದಡ, ಒಂದು ವರ್ಷ ಆ ದಡ. ಮನೆ ಹೋದರೂ ಮುಂದಿನ ಚಳಿಗಾಲ ದಾರಿ ಅಲ್ಲೇ ಬಾಗಿತು. ಅದರ ಮುಂದಿನದೂ ಬಾಗಿತು. ಮೊಣಕೈ ದಾಟುವಾಗ ಹೋದ ವರ್ಷದ ತನಕವೂ ಕಾರಿನ ರೇಡಿಯೋ ಆರಿಸುತ್ತಿದ್ದರು, ಜಗಳವಾಡುತ್ತಿರುವ ಗಂಡಹೆಂಡಿರೂ ಬಾಯಿ ಮುಚ್ಚುತ್ತಿದ್ದರು. ಸಭೆ ನಡೆಯುತ್ತಿದೆ. ಮಾತಾಡಿದವರು ಉಳಿದವರಿಗೆ ಕಾಫಿ ಕುಡಿಸಬೇಕು.

ಸಾಂ-ಫಿರ್ಮಾಂ ಪಾಲಿನ ಕೋಣೆ ಈಗ ಹೋಟೆಲೊಂದರ ಅಡುಗೆಮನೆ. ಸಾಂತ್-ಓದಿಲ್ ಪಾಲಿನದು ಗಿಲೇನ್‌ರ ಹಿತ್ತಲಲ್ಲಿದೆ. ಬೈರಿಗೆ, ಹಗ್ಗ, ಪೆಟ್ರೋಲ್ ಡಬ್ಬ ಇಡುವ ಕೊಟ್ಟಿಗೆ ಅದೇ. ಒಂದು ಗೋಡೆಯಲ್ಲಿ ಗರಗಸದ ಹಲ್ಲಿನ ಗುರುತು ಇನ್ನೂ ಎದ್ದು ಕಾಣುತ್ತದೆ. ಕುದುರೆ ಹೊಡೆದವರಲ್ಲಿ ಇವರ ಮುತ್ತಜ್ಜನ ಅಪ್ಪ ಮೊದಲಿಗ. "ನಮ್ಮದು ಕಳ್ಳರ ವಂಶ. ಇದಕ್ಕೆ ಸರ್ಟಿಫಿಕೇಟ್ ಬೇಡ, ಕೊಟ್ಟಿಗೇನೇ ಇದೆ," ಎಂದು ನಗುತ್ತಾರೆ.

ಗಿಲೇನ್‌ಗೆ ಈಗ ಅರವತ್ತೊಂದು. ಶಾಲೆ ಬಿಟ್ಟ ಮೇಲೆ ಮೀನು ಕೊಯ್ಯುವ ಕಾರ್ಖಾನೆ, ಅದು ಮುಚ್ಚಿದ ಮೇಲೆ ಮರ ಸಾಗಿಸುವ ಲಾರಿ, ಈಗ ಬೇಸಿಗೆಯಲ್ಲಿ ಶಾಲಾ ಬಸ್ಸಿನ ರಿಪೇರಿ. ಚಳಿಗಾಲದ ಈ ಕೆಲಸ ಅಪ್ಪನಿಂದ ಬಂತು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ ಎಂದಲ್ಲ, ಇಬ್ಬರಿದ್ದರು. "ಅವರಿಬ್ಬರಿಗೂ ಬೆಳಿಗ್ಗೆ ಏಳೋಕೆ ಆಗ್ತಿರಲಿಲ್ಲ." ಎಡಗೈಯ ಕಿರುಬೆರಳಿನ ತುದಿಯನ್ನು ಒಂದು ಜನವರಿ ತಿಂದಿದೆ. ಕೈಗವಸು ತೆಗೆದು ತೋರಿಸಿ, "ಮದುವೆ ಉಂಗುರದ ಬೆರಳು ಉಳೀತು. ಗಂಡ ಬದುಕಿದ್ದಾಗ ಅದರ ಬಗ್ಗೆ ತಮಾಷೆ ಮಾಡ್ತಿದ್ದ, ಮಂಜಿಗೂ ಭಯ ಅಂತ," ಎನ್ನುತ್ತಾರೆ. ಬೆಳಗಿನಿಂದ ಕತ್ತಲಾಗುವ ತನಕ ಮೂವತ್ತರಿಂದ ನಲವತ್ತು ಗಿಡ. ಗಾಳಿ ಇದ್ದರೆ ಅದರ ಅರ್ಧ. ದಾರಿಯ ಎರಡೂ ಬದಿಗೆ ನೂರು ಹೆಜ್ಜೆಯ ತನಕ ದಪ್ಪ ಅಳೆಯಬೇಕು, ಏಕೆಂದರೆ ಜನ ದಾರಿ ಬಿಟ್ಟು ಹೋಗುತ್ತಾರೆ. ಕುಡಿದವರು ಹೆಚ್ಚು ಬಿಟ್ಟು ಹೋಗುತ್ತಾರೆ.

ಇಷ್ಟು ವರ್ಷ ಅವರದು ಅರ್ಧ ನದಿ ಮಾತ್ರ. ಉಳಿದರ್ಧ ಸಾಂ-ಫಿರ್ಮಾಂನ ಫರ್ನಾಂ ಕುತ್ಯೂರ್ ಅವರದು. ಆತ ಆ ದಡದಿಂದ, ಈಕೆ ಈ ದಡದಿಂದ ನೆಡುತ್ತಾ ಬಂದು ಮೊಣಕೈಯಲ್ಲಿ ಸೇರುತ್ತಿದ್ದರು. ದೂರದಿಂದಲೇ ಆತ ಕೂಗುವುದು: "ಕಳ್ಳೀ, ಬಂದ್ಯಾ?" ಈಕೆ ಕೂಗುವುದು: "ಬಂದೆ ಮಾಮಾ, ನಿಮ್ಮ ಚರ್ಚು ಭದ್ರವಾಗಿದೆಯಾ?" ಇಪ್ಪತ್ತೆರಡು ಚಳಿಗಾಲ ಇದೇ ಮಾತು. ಆಮೇಲೆ ಮೊಣಕೈಯೊಳಗೆ ಕೂತು, ಒಂದೂ ಮಾತಿಲ್ಲದೆ, ಆತನ ಫ್ಲಾಸ್ಕಿನ ಕಾಫಿ.

ಹೋದ ಶರತ್ಕಾಲದಲ್ಲಿ ಫರ್ನಾಂಗೆ ಎಂಬತ್ತಾಯಿತು, ಮಂಡಿ ಕೈಕೊಟ್ಟಿತು, ನಿವೃತ್ತಿಯಾಯಿತು. ಪ್ರಾದೇಶಿಕ ಮಂಡಳಿ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ ಇಡೀ ನದಿಯನ್ನು ಗಿಲೇನ್‌ಗೇ ಕೊಟ್ಟಿತು. ಮಂಡಳಿಯ ಎಂಜಿನಿಯರ್ ಯಾನಿಕ್ ಬ್ರೋಶು ಪಟ್ಟಣದ ಹುಡುಗ, ಒಳ್ಳೆಯವನು. ಭೂಪಟ ಹಿಡಿದು ಮನೆಗೇ ಬಂದ.

"ಈ ವರ್ಷ ದಾರಿ ನೇರ ಇರಬೇಕು, ಗಿಲೇನ್ ಅವ್ರೇ. ವಿಮೆಯವರು ಕೇಳ್ತಾರೆ, ಈ ಬಾಗು ಯಾಕೆ ಅಂತ. ನಾನೇನು ಹೇಳ್ಲಿ?"

"ಅಲ್ಲೊಂದು ಮನೆ ಇತ್ತು ಅಂತ ಹೇಳು, ಮಗಾ."

"ಈಗ ಇದೆಯಾ?"

"ಇಲ್ಲ."

"ಮತ್ತೆ?"

ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ನಾನು ಕೂಲಿ ಮಾಡೋಳು. ನೇರ ಅಂದ್ರೆ ನೇರ," ಎಂದು ಗಿಲೇನ್ ಒಪ್ಪಿಕೊಂಡರು. ಒಪ್ಪಿದ ಮೇಲೆ ಮೂರು ದಿನ ಊಟ ರುಚಿಸಲಿಲ್ಲ.

ಸುದ್ದಿ ನದಿ ದಾಟಲು ದಾರಿ ಬೇಕಿರಲಿಲ್ಲ. ಓದಿಲ್ ಕಡೆಯವರಿಗೆ ಮೊಣಕೈ ಎಂದರೆ ಮುತ್ತಜ್ಜಂದಿರ ಗಂಡಸುತನ. ಫಿರ್ಮಾಂ ಕಡೆಯವರಿಗೆ ಅದು ಕಳ್ಳತನದ ಸಾಕ್ಷಿ, ಪ್ರತಿ ಚಳಿಗಾಲ ಹೊಸದಾಗಿ ಹಾಜರಾಗುವ ಸಾಕ್ಷಿ. ಅದನ್ನು ಅಳಿಸುತ್ತಿರುವವಳು ಯಾರು? ಕಳ್ಳರ ವಂಶದವಳು. ಗಿಲೇನ್ ಗಿಡ ನೆಡುತ್ತಾ ಆ ದಡದ ಹತ್ತಿರ ತಲುಪಿದ ದಿನ, ಹೋಟೆಲಿಗೆ ಹೋದರೆ ಎಲ್ಲರೂ ಬೆನ್ನು ತಿರುಗಿಸಿದರು. ಮೂಲೆಯಲ್ಲಿ ಫರ್ನಾಂ ಕೂತಿದ್ದರು.

"ಮಾಮಾ, ಮಂಡಿ ಹೇಗಿದೆ?"

"ಮಂಡಿ ಇರಲಿ. ನಿಮ್ಮೋರು ಮನೆ ಕದ್ದರು, ಅದಕ್ಕೊಂದು ಧೈರ್ಯ ಬೇಕು. ನೀನು ಕದ್ದಿರೋದು ಏನು ಗೊತ್ತಾ? ಖಾಲಿ ಜಾಗ. ಖಾಲಿ ಜಾಗನೂ ಬಿಡಲಿಲ್ಲವಲ್ಲೇ ನೀನು!"

"ನನಗೆ ಮೇಲಿನೋರು ಹೇಳಿದ್ದು ಮಾಮಾ."

"ಒನೆಸಿಮ್‌ನೂ ಮೇಲಿನೋರು ಹೇಳಿದ್ರು ಅಂತ ಸುಮ್ನೆ ಮಲಗಿದ್ದಿದ್ರೆ ಏನಾಗ್ತಿತ್ತು?"

ಗಿಲೇನ್ ಕಾಫಿ ಕುಡಿಯದೆ ಎದ್ದು ಬಂದರು. ಸಂಜೆ, ಖಾಲಿ ಜಾರುಗಾಡಿ ಎಳೆದುಕೊಂಡು, ಕಣ್ಣಿನ ನೀರು ರೆಪ್ಪೆಯಲ್ಲೇ ಗಟ್ಟಿಯಾಗುತ್ತಿರಲು ಮನೆಗೆ ಮರಳಿದರು. ಕೆಲಸ ಮುಗಿಯುವ ತನಕ ದಿನವೂ ಹೀಗೆಯೇ ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಆ ದಡದಿಂದ ಕೂಗುವವರಿಲ್ಲ. ಅರವತ್ತೊಂದನೆಯ ವಯಸ್ಸಿಗೆ ಕೆಲಸ ಬಿಡುವ ಯೋಚನೆ ಮೊದಲ ಸಲ ಬಂತು.

ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಬೂದಿ ಬುಧವಾರದ ಹಿಂದಿನ ಶನಿವಾರ ದಾರಿ ತೆರೆಯುತ್ತದೆ. ಮುಖವಾಡ ಹಾಕಿಕೊಂಡು ಈ ದಡದವರು ಆ ದಡಕ್ಕೆ, ಆ ದಡದವರು ಈ ದಡಕ್ಕೆ ಮನೆಮನೆ ಸುತ್ತಬೇಕು, ದಾರಿಯಿಲ್ಲದಿದ್ದರೆ ಹಬ್ಬವಿಲ್ಲ. ಈ ಸಲವೂ ಎರಡೂ ಊರು ಸಾಂ-ಫಿರ್ಮಾಂ ದಡದಲ್ಲಿ ಸೇರಿವೆ. ಕರಡಿ ಮುಖದ ದಾದಿಯರು, ಹೆಂಗಸರ ಸ್ಕರ್ಟು ತೊಟ್ಟ ಮೀಸೆಯವರು, ಮಾಂಸದ ಕಡುಬಿನ ತಟ್ಟೆಗಳು, ಪಿಟೀಲು. ದಪ್ಪ ಪಾದ್ರಿ ಮಂಜುಗಡ್ಡೆಗೆ ನೀರು ಚಿಮುಕಿಸುತ್ತಾರೆ. ಅದು ನೆಲ ಮುಟ್ಟುವ ಮೊದಲೇ ಮಣಿಯಾಗುತ್ತದೆ. ಪದ್ಧತಿಯಂತೆ ಮೊದಲ ಕಾರು ನಿವೃತ್ತರದು. ಫರ್ನಾಂ ಕುತ್ಯೂರ್ ತಮ್ಮ ಹಳೆಯ ಪಿಕಪ್ ಹತ್ತುತ್ತಾರೆ, ಗಿಲೇನ್ ಕಡೆ ನೋಡುವುದಿಲ್ಲ. ಹಿಂದೆ ಸಾಲು ಕಾರುಗಳು. ಗಿಲೇನ್ ಕೂತಿರುವುದು ಯಾನಿಕ್‌ನ ಕಾರಿನಲ್ಲಿ, ಸಾಲಿನ ನಾಲ್ಕನೆಯದರಲ್ಲಿ.

ಹಾರನ್ನು, ಹಾಡು, ಕೇಕೆ. ನಡುನದಿಗೆ ಬಂದಾಗ ಪಿಕಪ್ ನಿಲ್ಲುತ್ತದೆ.

"ಎಂಜಿನ್ ಕೆಟ್ಟಿತಾ?" ಎಂದು ಯಾನಿಕ್ ಕತ್ತು ಚಾಚುತ್ತಾನೆ.

ಫರ್ನಾಂ ಕುಂಟುತ್ತಾ ಇಳಿದು ಹಿಮ ನೋಡುತ್ತಿದ್ದಾರೆ. ಮುಂದೆ ಎರಡು ಸಾಲು ಗಿಡಗಳು ದಾರ ಹಿಡಿದ ಹಾಗೆ ನೇರ. ಆದರೆ ಇಲ್ಲಿ, ಎರಡು ಗಿಡಗಳ ನಡುವಿನ ಸಂದಿಯಿಂದ, ಒಂದು ಜಾಡು ಎಡಕ್ಕೆ ಹೊರಳಿ ಹೋಗಿದೆ. ಒಂದು ದಪ್ಪ ಗೆರೆ, ಒಂದು ಸಣ್ಣ ಗೆರೆ. ಒಂದು ಸಲದ್ದಲ್ಲ, ಸಂಜೆ ಸಂಜೆಯೂ ಅದೇ ಜಾಡಿನ ಮೇಲೆ ಅದೇ ಬಂಡಿ ಹೋಗಿ ಹಿಮ ಒತ್ತಿ ಗಟ್ಟಿಯಾಗಿದೆ. ಅರವತ್ತು ಹೆಜ್ಜೆ ಆಚೆ ಸರಿದು, ಇಲ್ಲದ ಮನೆಯನ್ನು ಬಳಸಿ, ಮತ್ತೆ ಸಾಲಿನೊಳಗೆ ಬಂದು ಸೇರಿದೆ.

ಗಿಲೇನ್ ತಮ್ಮ ಕಣ್ಣನ್ನೇ ನಂಬುವುದಿಲ್ಲ. ಬೆಳಿಗ್ಗೆ ಗಿಡ ನೆಡುವಾಗ ಕಣ್ಣು ಅಳತೆಯ ಮೇಲಿತ್ತು, ನೇರ ಹೋಗಿದ್ದರು. ಸಂಜೆ ದಣಿದು ಮನೆಗೆ ಬರುವಾಗ ಕೈ ತನ್ನಷ್ಟಕ್ಕೆ ಹ್ಯಾಂಡಲ್ ತಿರುಗಿಸಿತ್ತು. ದಿನವೂ. ತಾವೇ ನೆಟ್ಟ ಸಾಲನ್ನು ತಾವೇ ಸೀಳಿಕೊಂಡು ಹೋಗಿದ್ದು ಒಂದು ದಿನವೂ ಗೊತ್ತಾಗಿರಲಿಲ್ಲ.

ಫರ್ನಾಂ ಬೆನ್ನು ನೆಟ್ಟಗೆ ಮಾಡಿ, ನಾಲ್ಕನೆಯ ಕಾರಿನ ಕಡೆ ಬೆರಳು ತೋರಿಸಿ, ನದಿಯೆಲ್ಲ ಕೇಳುವಂತೆ ಕೂಗುತ್ತಾರೆ: "ಸಾಕ್ಷಿ ಅಳಿಸೋಕೆ ಬಂದ ಕಳ್ಳಿ, ಕಾಲ ಗುರುತು ಬಿಟ್ಟು ಹೋಗಿದ್ದಾಳೆ ನೋಡ್ರೋ!"

ಆಮೇಲೆ ಟೋಪಿ ತೆಗೆದು, ಪಿಕಪ್ ಹತ್ತಿ, ಎಡಕ್ಕೆ ತಿರುಗಿಸುತ್ತಾರೆ. ಎರಡನೆಯ ಕಾರೂ ತಿರುಗುತ್ತದೆ. ಮೂರನೆಯದೂ. ಪಿಟೀಲು ನಿಲ್ಲುತ್ತದೆ, ರೇಡಿಯೋ ಆರುತ್ತದೆ, ಕರಡಿ ಮುಖಗಳೆಲ್ಲ ಗಂಭೀರವಾಗುತ್ತವೆ. ಅಷ್ಟು ಜನ, ಅಷ್ಟು ಬಣ್ಣ, ಒಂದೂ ಸದ್ದಿಲ್ಲ. ಟೈರಿನಡಿ ಹಿಮ ಮುರಿಯುವುದಷ್ಟೇ ಕೇಳುತ್ತದೆ. ಯಾನಿಕ್‌ನ ಕೈಯೂ ಮುಂದಿನ ಕಾರಿನ ಹಿಂದೆಯೇ ಸ್ಟಿಯರಿಂಗ್ ತಿರುಗಿಸುತ್ತದೆ. ಅರ್ಧ ಬಾಗು ದಾಟಿದ ಮೇಲೆ ಅವನಿಗೆ ತಡೆಯಲಾಗುವುದಿಲ್ಲ. "ಏನಾಯ್ತು ಎಲ್ಲರಿಗೂ? ಯಾಕೆ ಯಾರೂ ಮಾತಾಡ್ತಿಲ್ಲ?" ಎನ್ನುತ್ತಾನೆ. ಗಿಲೇನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ನಗುವಿಗೆ ಭುಜ ಕುಲುಕುತ್ತಿವೆ. ಹಿಂದಿನ ಸೀಟಿನ ಇಬ್ಬರು ಮುಖವಾಡದವರು ಅವನ ಬೆನ್ನು ತಟ್ಟಿ, ಬೆರಳೆಣಿಸಿ, ಕಾಫಿ ಕುಡಿಯುವ ಅಭಿನಯ ಮಾಡುತ್ತಾರೆ.

ಸಂಜೆಯ ಹೊತ್ತಿಗೆ ನೇರ ಸಾಲುಗಳ ನಡುವಿನ ಆ ತುಂಡಿನಲ್ಲಿ ಹಿಮ ಬೆಳಿಗ್ಗೆ ಇದ್ದ ಹಾಗೆಯೇ ಇದೆ, ಒಂದು ಕಾರಿನ ಗಾಲಿಯೂ ಮುಟ್ಟಿಲ್ಲ. ಮೊಣಕೈ ಮಾತ್ರ ನುಣ್ಣಗೆ ಹೆದ್ದಾರಿಯಾಗಿದೆ. ಹೋಟೆಲಿನಲ್ಲಿ ಯಾನಿಕ್ ಎಲ್ಲರಿಗೂ ಕಾಫಿ ಕುಡಿಸಿ ಬಂದು ಗಿಲೇನ್ ಎದುರು ಕೂರುತ್ತಾನೆ.

"ಆ ಬಾಗಿನಲ್ಲಿ ದಪ್ಪ ಎಷ್ಟಿದೆ?"

"ಅಲ್ಲೂ ಹದಿನಾರೇ. ನೂರು ಹೆಜ್ಜೆ ತನಕ ಅಳೆದಿದ್ದೀನಿ, ನಿನ್ನ ಕಚೇರಿ ನಿಯಮವೇ ಅಲ್ವಾ."

"ಜನ ಓಡಾಡೋ ಕಡೆ ಗಿಡ ಇರಬೇಕು ಅಂತಲೂ ನಿಯಮ ಇದೆ," ಎಂದು ಅವನು ತಲೆ ಕೆರೆದುಕೊಳ್ಳುತ್ತಾನೆ. "ವಿಮೆಯವರಿಗೆ ಏನು ಹೇಳೋದು?"

"ಅಲ್ಲೊಂದು ಮನೆ ಇತ್ತು ಅಂತ ಹೇಳು, ಮಗಾ."

ಈ ಸಲ ಅವನು 'ಈಗ ಇದೆಯಾ' ಎಂದು ಕೇಳುವುದಿಲ್ಲ.

ಮರುದಿನ ಬೆಳಗಿನ ಜಾವ ಗಿಲೇನ್ ಮತ್ತೆ ನದಿಯ ಮೇಲಿದ್ದಾರೆ. ನೆಟ್ಟ ಗಿಡಗಳನ್ನು ಕೊಡಲಿಯಿಂದ ಬಿಡಿಸಿ ಬಾಗಿನ ಉದ್ದಕ್ಕೂ ಮತ್ತೆ ನೆಡಬೇಕು. ಎರಡು ಪಟ್ಟು ಕೆಲಸ, ಅದೇ ಸಂಬಳ. ಸೊಂಟ ನೋಯುತ್ತಿದೆ ಎಂದು ಗೊಣಗುತ್ತಲೇ ಅಂಚೆಯವನ ಸೊಟ್ಟ ಬುಡದ ಮರವನ್ನು ಮೊಣಕೈಯ ಮೊದಲ ಗಿಡವಾಗಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಸೊಟ್ಟ ಜಾಗಕ್ಕೆ ಸೊಟ್ಟ ಮರ, ಚೆನ್ನಾಗಿಯೇ ಒಪ್ಪಿದೆ.

ಏನಾದರೂ ಆಸೆ ಇದೆಯೇ ಎಂದರೆ ಹೇಳುತ್ತಾರೆ: "ಮುಂದಿನ ಚಳಿಗಾಲಕ್ಕೆ ಆ ದಡದವರು ಯಾರನ್ನಾದ್ರೂ ಇಟ್ಕೊಳ್ಳಲಿ. ಗಿಡ ನಾನೊಬ್ಬಳೇ ನೆಡ್ತೀನಿ, ಅದಕ್ಕಲ್ಲ. ಬೆಳಿಗ್ಗೆ ಎದ್ದು ಇಷ್ಟು ದೂರ ಬಂದ್ರೆ ಬೈಯೋರು ಒಬ್ಬರು ಬೇಕು. ಈ ಕೌಂಟಿ ನಡೆದಿದ್ದೇ ಹಾಗೆ."

ಇಷ್ಟು ಹೇಳಿ ಬೈರಿಗೆ ಹೆಗಲಿಗೇರಿಸಿ ಬಾಗಿನೊಳಗೆ ಕಾಲಿಡುತ್ತಾರೆ, ಬಾಯಿ ಮುಚ್ಚುತ್ತಾರೆ. ಆಚೆ ದಡದ ಕಡೆಯಿಂದ ಒಂದು ಹಳೆಯ ಪಿಕಪ್ ದೀಪ ಹಚ್ಚಿಕೊಂಡು ಬರುತ್ತಿದೆ. ಮೊಣಕೈಯ ಒಳಗೆ ಬಂದು ನಿಲ್ಲುತ್ತದೆ. ಕಿಟಕಿ ಇಳಿಯುತ್ತದೆ.

"ಕಳ್ಳೀ, ಬಂದ್ಯಾ?"

ಗಿಲೇನ್ ತುಟಿಯ ಮೇಲೆ ಬೆರಳಿಟ್ಟು, ಆತನ ಗಾಲಿಯ ಕೆಳಗಿನ ಜಾಗ ತೋರಿಸುತ್ತಾರೆ. ಫರ್ನಾಂ ಕೆಳಗೆ ನೋಡುತ್ತಾರೆ, ಅರ್ಥವಾಗುತ್ತದೆ, ಬಾಯಿಗೆ ಬಂದ ಪೂಜೆಯ ಬಟ್ಟಲಿನ ಬೈಗುಳವನ್ನು ನುಂಗಿಕೊಳ್ಳುತ್ತಾರೆ. ಆಮೇಲೆ ಮಾತಿಲ್ಲದೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.